ಸ್ಟುಡಿಯೋ ಮುಚ್ಚಿದ ತಂದೆ, ಸೌಂಡ್ ಕೋರ್ಸ್ ಸೇರಲು ಹೊರಟ ಮಗಳು: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಿ ಬರೆದದ್ದು.)

ತಂದೆಗೆ 51 ವರ್ಷ. 1990ರ ದಶಕದ ನಡುವಿನಲ್ಲಿ ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋಕ್ಕೆ ಕೇಬಲ್ ಸುತ್ತುವ ಸಹಾಯಕರಾಗಿ ಸೇರಿ, ಅಲ್ಲೇ ಮುಖ್ಯ ರೆಕಾರ್ಡಿಸ್ಟ್ ಆದವರು. ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿದೆ. ಮಗಳಿಗೆ 21, ಬಿ.ಕಾಂ. ಮುಗಿದಿದೆ. 6 ಲಕ್ಷ ರೂಪಾಯಿ ಶುಲ್ಕದ ಒಂದು ವರ್ಷದ ಸೌಂಡ್ ಎಂಜಿನಿಯರಿಂಗ್ ಡಿಪ್ಲೊಮಾ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ‘ಸತ್ತ ಕಸುಬಿಗೆ ಸಾಲ ಮಾಡಬೇಡ’ ಎನ್ನುವುದು ತಂದೆಯ ಮಾತು. ಮನೆಯಲ್ಲಿ ಮಾತು ನಿಂತುಹೋದಾಗ ತಾಯಿ ಇಬ್ಬರನ್ನೂ ಆಪ್ತಸಲಹೆಗೆಂದು ನಮ್ಮ ಬಳಿ ಕರೆತಂದರು.

ತಂದೆಯ ಪ್ರಕಾರ ಕಂಪ್ಯೂಟರ್ ಬಂದು ಕೆಲಸ ತಿಂದಿತು. ಯಾವ ವರ್ಷ ಯಾವ ಕೆಲಸ ಬಂತು, ಎಷ್ಟು ಗಂಟೆ ಹಿಡಿಯಿತು ಎಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆವು. ಎದುರಿಗೆ ಬಂದ ಚಿತ್ರ ಬೇರೆ. ಕ್ಯಾಸೆಟ್ ಕಾಲದಲ್ಲಿ ಭಕ್ತಿಗೀತೆ, ಜನಪದ, ಭಾವಗೀತೆ, ಯಾವುದೇ ಆದರೂ ಎಂಟು ಹಾಡಿನ ಆಲ್ಬಂ. ತಬಲ, ಕೊಳಲು, ಪಿಟೀಲು, ಕೋರಸ್ ಎಲ್ಲರೂ ಬಂದು ಕೂರುತ್ತಿದ್ದರು, ದಿನಗಟ್ಟಲೆ ಕಾಲ್‌ಶೀಟ್. ಎಸ್-ವಿಎಚ್‌ಎಸ್ ಟೇಪಿನ ಮೇಲೆ ಎಂಟು ಟ್ರ್ಯಾಕ್ ಹಿಡಿಯುವ ಎಡಾಟ್ ಯಂತ್ರ ಬಂದಾಗ, ಮೂರನ್ನು ಜೋಡಿಸಿ 24 ಟ್ರ್ಯಾಕ್ ಮಾಡಿದರು. ಆಮೇಲೆ ಕಂಪ್ಯೂಟರ್ ಬಂತು, ಮೊದಲ ಹತ್ತು ವರ್ಷ ಅದರಿಂದ ಕೆಲಸ ಹೆಚ್ಚೇ ಆಯಿತು. ಕುಸಿತ ಆರಂಭವಾದದ್ದು ಸಂಗೀತ ನಿರ್ದೇಶಕರು ಮನೆಯಲ್ಲೇ ಕೀಬೋರ್ಡ್ ಪ್ರೋಗ್ರಾಮಿಂಗ್ ಮುಗಿಸಿ, ಬರೀ ಗಾಯನಕ್ಕೆ ಎರಡು ಗಂಟೆ ಸ್ಟುಡಿಯೋ ಕೇಳತೊಡಗಿದಾಗ. ಅದೇ ಹೊತ್ತಿಗೆ ಎಂಪಿ3 ನಕಲು ಸಿ.ಡಿ.ಗಳು ಕ್ಯಾಸೆಟ್ ಕಂಪನಿಗಳ ಆಲ್ಬಂ ವ್ಯಾಪಾರವನ್ನು ಮುಗಿಸಿದವು, ಹಾಡು ಯೂಟ್ಯೂಬಿಗೆ ಒಂದೊಂದೇ ಬರತೊಡಗಿತು. ಬಾಡಿಗೆ, ಎ.ಸಿ., ನಿರ್ವಹಣೆಯ ಖರ್ಚು ಹುಟ್ಟುತ್ತಿದ್ದದ್ದು ಗಂಟೆಗಳ ಲೆಕ್ಕದಲ್ಲಿ. ಗಂಟೆ ಹೋಯಿತು, ಕಟ್ಟಡ ಹೋಯಿತು. ಅವರಿಗೆ ಗೊತ್ತಿರುವ ವಿದ್ಯೆ ಹೋಗಲಿಲ್ಲ. ಈ ವ್ಯತ್ಯಾಸವನ್ನು ಅವರು ತಮ್ಮದೇ ಕೈಬರಹದಲ್ಲಿ ನೋಡಬೇಕಿತ್ತು. ನಾವು ಬಾಯಲ್ಲಿ ಹೇಳಿದ್ದರೆ ಸಮಾಧಾನದ ಮಾತು ಎಂದುಕೊಳ್ಳುತ್ತಿದ್ದರು.

ಆ ಹಾಳೆಯಲ್ಲಿ ಒಂದು ಸಾಲು ಖಾಲಿ ಇತ್ತು. ಚಿತ್ರರಂಗದ ವಿರೋಧದಿಂದಾಗಿ ಕರ್ನಾಟಕದಲ್ಲಿ ದಶಕಗಳ ಕಾಲ ಬೇರೆ ಭಾಷೆಯ ಚಿತ್ರ, ಧಾರಾವಾಹಿಗಳ ಕನ್ನಡ ಡಬ್ಬಿಂಗ್ ನಡೆಯುತ್ತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿ ಕಾನೂನಿಗೆ ವಿರುದ್ಧ ಎಂದಿತು. 2020ರ ಲಾಕ್‌ಡೌನಿನಲ್ಲಿ ಕನ್ನಡ ವಾಹಿನಿಗಳು ಡಬ್ ಆದ ಧಾರಾವಾಹಿಗಳನ್ನು ಹಾಕಿದವು. ಕನ್ನಡ ಧ್ವನಿ ಹಿಡಿದು, ತಿದ್ದಿ, ಮಿಕ್ಸ್ ಮಾಡಿ ಕೊಡುವವರು ಬೇಕಾದರು. ಮೂರು ಕಡೆಯಿಂದ ಕರೆ ಬಂದರೂ ಇವರು ಹೋಗಲಿಲ್ಲ. ಏಕೆ ಎಂದು ಕೇಳಿದರೆ ‘ನನಗೆ ಹೊಸ ಸಾಫ್ಟ್‌ವೇರ್ ಆಗುವುದಿಲ್ಲ’ ಎಂದರು. ಹದಿನೈದು ವರ್ಷ ಪ್ರೋಟೂಲ್ಸ್ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡಿದವರು ಹೇಳುವ ಮಾತಲ್ಲ ಇದು.

ನಿಜವಾದ ಕಾರಣ ಅವರೊಬ್ಬರೇ ಬಂದ ದಿನ ಹೊರಬಂತು. ಎಡಗಿವಿಯಲ್ಲಿ ವರ್ಷಗಳಿಂದ ಸಿಳ್ಳೆಯಂಥ ಸದ್ದು, ರಾತ್ರಿ ಹೆಚ್ಚು. ಪರೀಕ್ಷೆ ಮಾಡಿಸಿದರೆ ಸುದ್ದಿ ಹರಡಿ ಯಾರೂ ಕೆಲಸ ಕೊಡುವುದಿಲ್ಲ ಎಂಬ ಭಯ. ಹೆಂಡತಿಗೂ ಹೇಳಿರಲಿಲ್ಲ. ಧ್ವನಿಯ ಕಸುಬಿನವರಲ್ಲಿ ಈ ಗುಟ್ಟು ಅಪರೂಪವಲ್ಲ. ಹಾಗಾಗಿ ಈ ಹಿನ್ನೆಲೆಯವರು ಕೆಲಸದಿಂದ ಹಿಂದೆ ಸರಿದಾಗ ಖಿನ್ನತೆಯ ಜೊತೆಗೆ ಕಿವಿಯ ಬಗ್ಗೆಯೂ ಕೇಳಲೇಬೇಕು.

ಮೊದಲು ಕಳಿಸಿದ್ದು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ. ಸದ್ದು ಒಂದೇ ಕಿವಿಯಲ್ಲಿ ಹೆಚ್ಚಿದ್ದರೆ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಲೆಸುತ್ತು ಇದ್ದರೆ ಅಥವಾ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಒಂದು ದಿನವೂ ಕಾಯಬಾರದು. ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಬಹುದು, ದೊಡ್ಡ ಆಸ್ಪತ್ರೆಗಳಲ್ಲೂ ಆಗುತ್ತದೆ. ಹಿಂದಿನ ದಿನದಿಂದಲೇ ಜೋರು ಸದ್ದಿನಿಂದ ದೂರವಿರಬೇಕು, ಇಲ್ಲದಿದ್ದರೆ ತಾತ್ಕಾಲಿಕ ಮಂದತನವೂ ಫಲಿತಾಂಶದೊಳಗೆ ಸೇರಿಬಿಡುತ್ತದೆ. 3000 ಮತ್ತು 6000 ಹರ್ಟ್ಸ್‌ನಲ್ಲೂ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ) ಅಳೆಯಿರಿ ಎಂದು ಕೇಳಿ ಮಾಡಿಸಬೇಕು, ಎಲ್ಲ ಕಡೆ ತಾವಾಗಿ ಅಳೆಯುವುದಿಲ್ಲ. ಇವರ ನಕ್ಷೆಯಲ್ಲಿ ಎಡಗಿವಿ 4000 ಹರ್ಟ್ಸ್ ಹತ್ತಿರ 45 ಡೆಸಿಬೆಲ್‌ಗೆ ಇಳಿದು, 8000ದಲ್ಲಿ ಮತ್ತೆ 25ಕ್ಕೆ ಏರಿತ್ತು (ಈ ನಕ್ಷೆಯಲ್ಲಿ ಡೆಸಿಬೆಲ್ ಅಂಕಿ ಹೆಚ್ಚಿದಷ್ಟೂ ಕೇಳುವ ಶಕ್ತಿ ಕಡಿಮೆ). ಈ ತಗ್ಗು ಜೋರು ಸದ್ದಿನ ಗುರುತು. ಬಲಗಿವಿ ಅಷ್ಟು ಕೆಟ್ಟಿಲ್ಲ, 2000 ಹರ್ಟ್ಸ್‌ವರೆಗೆ ಎರಡೂ ಸರಿಯಾಗಿವೆ.

ಹೋದದ್ದು ವಾಪಸು ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದೆವು. ಇರುವುದನ್ನು ಕಾಯುವ ಲೆಕ್ಕ ಮಾತ್ರ ಸ್ಪಷ್ಟವಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2. ಚಿಕ್ಕ ಕೋಣೆಯ ಸ್ಪೀಕರುಗಳನ್ನು ಪಿಂಕ್ ನಾಯ್ಸ್ (ಅಳತೆಗೆ ಬಳಸುವ ‘ಶ್’ ಎನ್ನುವ ಸದ್ದು) ಹಾಕಿ 76ರಿಂದ 79 ಡೆಸಿಬೆಲ್‌ನೊಳಗೆ ಹೊಂದಿಸಿ, ವಾಲ್ಯೂಮ್ ಗುಬುಟಿಗೆ ಗುರುತು ಹಾಕಿ, ಅದನ್ನು ದಾಟಬಾರದು. ಸಂಗೀತದ ಅಂತಿಮ ಮಿಕ್ಸನ್ನು ಒಬ್ಬರೇ ಒಪ್ಪಿಕೊಳ್ಳಬಾರದು, ಏಕೆಂದರೆ ಕೇಳಿಸದ ಜಾಗದಲ್ಲಿ ಕೈ ತಾನಾಗಿ ಟ್ರೆಬಲ್ ಏರಿಸುತ್ತದೆ. ಸಂಭಾಷಣೆಯ ಎಡಿಟಿಂಗ್ ಮಾಡಬಹುದು. ‘ಸ’ಕಾರದ ಚುರುಕನ್ನು ಸ್ಪೆಕ್ಟ್ರಮ್ ಪರದೆಯಲ್ಲಿ ನೋಡಿ, ಕೊನೆಯಲ್ಲಿ ಒಮ್ಮೆ ಎಳೆಯ ಕಿವಿಯೊಂದಕ್ಕೆ ಕೇಳಿಸಿದರಾಯಿತು. ರಾತ್ರಿಯ ಸಿಳ್ಳೆಗೆ ಕೋಣೆಯಲ್ಲಿ ಸಣ್ಣ ಹಿನ್ನೆಲೆ ಸದ್ದು, ಜೊತೆಗೆ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆ). ಇದರಿಂದ ಸದ್ದು ಮಾಯವಾಗುವುದಿಲ್ಲ, ಅದರ ಕಾಟ ಕಡಿಮೆಯಾಗುತ್ತದೆ.

ಡಬ್ಬಿಂಗ್ ಜೊತೆಗೆ ಇನ್ನೊಂದು ಕೆಲಸ ಅವರ ಅಟ್ಟದ ಮೇಲೇ ಇತ್ತು: ಕೆಲಸ ಮಾಡುವ ಎರಡು ಕ್ಯಾಸೆಟ್ ಡೆಕ್, ಒಂದು ಡ್ಯಾಟ್ (ಡಿಜಿಟಲ್ ಟೇಪ್) ಯಂತ್ರ, ಒಂದು ಸ್ಪೂಲ್ ಯಂತ್ರ. ತಾತನ ಹರಿಕಥೆ, ತಾಳಮದ್ದಳೆ, ಅಜ್ಜಿಯ ಸೋಬಾನೆ ಹಾಡು, ರಾಮನವಮಿ ಕಛೇರಿ ಎಂದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ ಕೊಳೆಯುತ್ತಿವೆ. ಅವನ್ನು ಸರಿಯಾಗಿ ಡಿಜಿಟಲ್ ಮಾಡಿಕೊಡುವವರು ತೀರಾ ಕಡಿಮೆ. ಅಂಗಡಿಗಳಲ್ಲಿ ಯಾವುದೋ ಅಗ್ಗದ ಪ್ಲೇಯರಿಗೆ ಹಾಕಿ ಎಂಪಿ3 ಮಾಡುತ್ತಾರೆ, ಮಂಕು ಸದ್ದು ಬರುತ್ತದೆ. ಮೂಲ ರೆಕಾರ್ಡ್ ಮಾಡಿದ ಯಂತ್ರದಲ್ಲಿ ಟೇಪಿಗೆ ತಾಗುವ ಹೆಡ್ಡಿನ ಓರೆಗೂ ಈ ಹೆಡ್ಡಿನ ಓರೆಗೂ ತಾಳೆಯಾಗದಿರುವುದೇ ಬಹಳ ಸಲ ಅದರ ಕಾರಣ. ಪ್ರತಿ ಕ್ಯಾಸೆಟ್ಟಿಗೂ ಈ ಓರೆ ಸರಿಪಡಿಸುವ ಆಜಿಮತ್ ತಿರುಪನ್ನು ಹೊಸದಾಗಿ ಹೊಂದಿಸಬೇಕು: ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಮೇಲಿನ ಸ್ವರಗಳು ಅತಿ ಸ್ಪಷ್ಟವಾಗುವ ಬಿಂದುವಿಗೆ ನಿಲ್ಲಿಸುವುದು. ಕಿವಿ ಸಾಲದಿದ್ದರೆ ಎರಡು ಚಾನೆಲ್‌ಗಳ ತಾಳೆ ತೋರಿಸುವ ಫೇಸ್ ಮೀಟರ್ ಅದೇ ಬಿಂದುವನ್ನು ತೋರಿಸುತ್ತದೆ.

ತಪ್ಪುವುದು ಎಲ್ಲಿ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಲೆನಾಡಿನ ಕ್ಯಾಸೆಟ್‌ಗಳಲ್ಲಿ ಬಿಳಿ ಬೂಷ್ಟು ಕಂಡರೆ ಚಲಾಯಿಸಬಾರದು, ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ಯಾಡ್ ಉದುರಿದ್ದರೆ ಟೇಪನ್ನು ಸ್ಕ್ರೂ ಇರುವ ಹೊಸ ಡಬ್ಬಿಗೆ ವರ್ಗಾಯಿಸಬೇಕು. ಅಂಟಂಟಾಗಿ ಹೆಡ್ಡಿಗೆ ಮೆತ್ತಿಕೊಳ್ಳುವ 70–80ರ ದಶಕದ ಸ್ಪೂಲುಗಳನ್ನು ಉಷ್ಣ ನಿಯಂತ್ರಿತ ಇನ್‌ಕ್ಯುಬೇಟರಿನಲ್ಲಿ ಸುಮಾರು 50–55 ಡಿಗ್ರಿಯಲ್ಲಿ ಎಂಟು ಗಂಟೆ ಇಡುವುದುಂಟು, ಅಡುಗೆ ಓವನ್ನಿನಲ್ಲಿ ಅಲ್ಲ. ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾಯ್ದರೆ ಅದು ಅಸಿಟೇಟ್ ಎಂಬ ಹಳೆಯ ಬಗೆಯ ಟೇಪ್, ಅದಕ್ಕೆ ಶಾಖ ಕೊಡಲೇಬಾರದು. ಹಿಡಿಯುವುದು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲಿಗೆ (ಎಂಪಿ3ಯಂತೆ ಕುಗ್ಗಿಸದ, ಪೂರ್ಣ ಗುಣಮಟ್ಟದ ಫೈಲು), ಟೇಪಿನ ‘ಸ್ಸ್’ ಸದ್ದು ತೆಗೆದ ಪ್ರತಿ ಬೇರೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಓಡಬೇಕು, ಸಿದ್ಧತೆ ಬೇರೆ. ಆದ್ದರಿಂದ ದರ ಕ್ಯಾಸೆಟ್ ಲೆಕ್ಕಕ್ಕಲ್ಲ, ಗಂಟೆ ಲೆಕ್ಕಕ್ಕೆ. ಕಂಪನಿಯ ಕ್ಯಾಸೆಟ್ಟಿನ ಹಾಡನ್ನು ಅಂತರಜಾಲಕ್ಕೆ ಏರಿಸಿಕೊಡುವ ಕೆಲಸ ಬೇಡ, ಹಕ್ಕು ಕಂಪನಿಯದು.

ಹಣದ ಮಾತಿನಲ್ಲಿ ಹಳೆಯ ನೋವೊಂದಿತ್ತು. ತಾವು ಧ್ವನಿ ಹಿಡಿದ ಹಾಡುಗಳು ಇಂದಿಗೂ ಫೋನುಗಳಲ್ಲಿ ಓಡುತ್ತಿವೆ, ತಮಗೆ ಏನೂ ಇಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನೆಕಾರರಿಗೆ, ಸಂಗೀತ ಸಂಯೋಜಕರಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕು ಕೊಟ್ಟಿತು, ಹಾಡಿದವರಿಗೂ ಪಾಲು ಬಂತು. ರೆಕಾರ್ಡಿಸ್ಟ್‌ಗೆ ಕಾನೂನಿನಲ್ಲಿ ಅಂಥ ಹಕ್ಕಿಲ್ಲ. ಇದು ಅನ್ಯಾಯ ಎನ್ನುವುದು ನಮ್ಮ ಅಭಿಪ್ರಾಯವೂ ಹೌದು. ಅದು ಬದಲಾಗುವವರೆಗೆ ರಕ್ಷಣೆ ಇರುವುದು ಬರಹದ ಒಪ್ಪಂದದಲ್ಲಿ ಮಾತ್ರ: ಅರ್ಧ ಮುಂಗಡ, ಎರಡು ಸುತ್ತಿನ ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಬೇರೆ, ಬಿಡಿ ಟ್ರ್ಯಾಕುಗಳಿಗೆ ಬೇರೆ, ಹೆಸರು ಹಾಕುವ ಷರತ್ತು, ಬಾಕಿ ಬಂದ ಮೇಲೆಯೇ ವೇವ್ ಫೈಲ್. ಅಲ್ಲಿಯವರೆಗೆ ಕೇಳಲು ಎಂಪಿ3.

ಮಗಳ ವಿಷಯದಲ್ಲಿ ತಂದೆಯ ಮಾತು ಅರ್ಧ ಸರಿ. ಅವರು ಕಲಿತದ್ದು ಹಿರಿಯರ ಪಕ್ಕ ಕೂತು, ಸಂಬಳ ತೆಗೆದುಕೊಂಡು. ಆ ಏಣಿ ಈಗ ಇಲ್ಲ. ಸಹಾಯಕರನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಸ್ಟುಡಿಯೋಗಳೇ ವಿರಳವಾದ್ದರಿಂದ ಆ ಜಾಗವನ್ನು ಶುಲ್ಕದ ಶಾಲೆಗಳು ತುಂಬಿವೆ. ಶಾಲೆ ಕಲಿಸುತ್ತದೆ, ಪಕ್ಕದ ಕುರ್ಚಿಯನ್ನು ಕೊಡುವುದಿಲ್ಲ. ಅವಳಿಗೆ ಕೇಳಿಕೊಂಡು ಬರಲು ಹೇಳಿದ್ದು ನಾಲ್ಕು: ವಾರಕ್ಕೆ ಒಬ್ಬ ವಿದ್ಯಾರ್ಥಿ ಒಬ್ಬನೇ ಎಷ್ಟು ಗಂಟೆ ಸ್ಟುಡಿಯೋದಲ್ಲಿ ಕೂರುತ್ತಾನೆ, ಲೊಕೇಶನ್ ಸೌಂಡ್ (ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯುವುದು) ಮತ್ತು ಸಂಭಾಷಣೆ ಎಡಿಟಿಂಗ್ ಪಠ್ಯದಲ್ಲಿದೆಯೇ, ಕಳೆದ ತಂಡದವರು ಈಗ ಎಲ್ಲಿದ್ದಾರೆ, ನಡುವೆ ಬಿಟ್ಟರೆ ಹಣ ವಾಪಸು ಉಂಟೇ. ಮೊದಲ ಪ್ರಶ್ನೆಗೆ ಆ ಶಾಲೆ ಸ್ಪಷ್ಟ ಉತ್ತರ ಕೊಡಲಿಲ್ಲ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಅರ್ಹತೆಯ ಷರತ್ತು ಪೂರೈಸುವ ಪದವೀಧರರಿಗೆ ಪುಣೆಯ ಎಫ್‌ಟಿಐಐ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ), ಕೋಲ್ಕತ್ತದ ಸತ್ಯಜಿತ್ ರೇ ಚಲನಚಿತ್ರ ಸಂಸ್ಥೆಯ ದಾರಿಯೂ ಇದೆ. ಇವು ಅವಳ ಪಟ್ಟಿಯಲ್ಲೇ ಇರಲಿಲ್ಲ.

ಶುಲ್ಕ ಕಟ್ಟುವ ಮೊದಲು ಮೂರು ತಿಂಗಳ ಒಂದು ಪರೀಕ್ಷೆ ಸೂಚಿಸಿದೆವು. ತಂದೆಯ ಹಳೆಯ ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಚಾನೆಲ್ಲಿನ ಇಂಟರ್‌ಫೇಸ್, ಮುಚ್ಚಿದ ಹೆಡ್‌ಫೋನ್, ರೀಪರ್ ಸಾಫ್ಟ್‌ವೇರ್. ಕೆಲಸ: ಓದುವವರೊಬ್ಬರಿಂದ ಮೂವತ್ತು ನಿಮಿಷ ಕನ್ನಡ ಗದ್ಯ ಹಿಡಿದು ಆಡಿಯೋಬುಕ್ಕಿನ ಅಳತೆಗೆ ತರುವುದು. ಎಸಿಎಕ್ಸ್ ಎಂಬ ಆಡಿಯೋಬುಕ್ ವೇದಿಕೆ ಪ್ರಕಟಿಸಿದ ಅಳತೆ ಒಳ್ಳೆಯ ಮಾನದಂಡ: ಸರಾಸರಿ ಮಟ್ಟ ಮೈನಸ್ 23ರಿಂದ 18 ಡೆಸಿಬೆಲ್, ಶಿಖರ ಮೈನಸ್ 3 ಮೀರಬಾರದು, ಮೌನದ ಸದ್ದು (ಯಾರೂ ಮಾತಾಡದಾಗ ಉಳಿಯುವ ಸದ್ದು) ಮೈನಸ್ 60ಕ್ಕಿಂತ ಕೆಳಗೆ. ಅವಳ ಮೊದಲ ಪ್ರಯತ್ನ ಮೌನದಲ್ಲೇ ಸೋತಿತು, ಮೈನಸ್ 47. ಫ್ಯಾನ್ ನಿಲ್ಲಿಸಿದ್ದಳು, ಪಕ್ಕದ ಗೋಡೆಯ ಫ್ರಿಜ್ಜನ್ನು ಮರೆತಿದ್ದಳು. ಸಾಫ್ಟ್‌ವೇರಿನಿಂದ ಆ ಗುಂಯ್ ತೆಗೆಯಹೋಗಿ ಧ್ವನಿ ನೀರೊಳಗಿನಿಂದ ಬಂದಂತಾಯಿತು. ಮೈಕನ್ನು ಬಾಯಿಯಿಂದ ಒಂದು ಗೇಣಿನಷ್ಟು ದೂರಕ್ಕೆ ಹತ್ತಿರ ತಂದು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಓದುವ ಮೊದಲು ಅರ್ಧ ನಿಮಿಷ ಬರೀ ಕೋಣೆಯ ಸದ್ದು ಹಿಡಿಯಲು ಹೇಳಿಕೊಟ್ಟವರು ತಂದೆ. ಮನೆಯಲ್ಲಿ ಮಾತು ಮರಳಿದ್ದು ಈ ಫ್ರಿಜ್ಜಿನ ವಿಷಯಕ್ಕೆ.

ಕೃತಕ ಬುದ್ಧಿಮತ್ತೆಯ ಧ್ವನಿಗಳು ಓದುವ ಕೆಲಸವನ್ನೇ ಕಸಿಯುವುದಿಲ್ಲವೇ ಎಂದು ಅವಳು ಕೇಳಿದಳು. ಅಗ್ಗದ ಓದು, ಅಗ್ಗದ ಮಾಸ್ಟರಿಂಗ್ (ಹಾಡಿಗೆ ಕೊಡುವ ಕೊನೆಯ ಹದ), ಸಾಧಾರಣ ಸದ್ದು ಶುದ್ಧಿ ಈಗಾಗಲೇ ಹೋಗುತ್ತಿವೆ. ಹಾಗಾಗಿ ಅವನ್ನೇ ನಂಬಿ ಸಾಲ ಮಾಡಬಾರದು. ಚಿತ್ರೀಕರಣದ ಜಾಗದಲ್ಲಿ ಉದ್ದ ಕೋಲಿನ ಬೂಮ್ ಮೈಕು ಹಿಡಿದು, ಜನರೇಟರ್ ಎಲ್ಲಿ ಇಡಬೇಕೆಂದು ಜಗಳವಾಡಿ, ನಟನ ಮಾತನ್ನು ಮೊದಲ ಸಲಕ್ಕೇ ಶುದ್ಧವಾಗಿ ಹಿಡಿಯುವವರಿಗೆ ಕೆಲಸವಿದೆ.

ಈಗಿನ ಸ್ಥಿತಿ: ತಂದೆ ವಾರಕ್ಕೆ ಮೂರು ದಿನ ಡಬ್ಬಿಂಗ್ ಸಂಭಾಷಣೆ ಎಡಿಟ್ ಮಾಡುತ್ತಾರೆ, ಉಳಿದ ದಿನ ಕ್ಯಾಸೆಟ್. ಆದಾಯ ಸ್ಟುಡಿಯೋ ಕಾಲದ ಸಂಬಳಕ್ಕಿಂತ ಕಡಿಮೆಯೇ ಇದೆ. ಕಿವಿಯ ವಿಷಯ ಹೆಂಡತಿಗೆ ಹೇಳಿದ್ದಾರೆ, ಕೆಲಸ ಕೊಟ್ಟವರಿಗೆ ಇನ್ನೂ ಇಲ್ಲ. ಅದು ಅವರ ನಿರ್ಧಾರ, ನಾವು ಒತ್ತಾಯಿಸಿಲ್ಲ. ಮಗಳು ಖಾಸಗಿ ಕೋರ್ಸ್ ಸೇರಲಿಲ್ಲ. ದಿನಗೂಲಿಯಲ್ಲಿ ಲೊಕೇಶನ್ ಸೌಂಡ್ ಸಹಾಯಕಿಯಾಗಿ ಹೋಗುತ್ತಾ ಪುಣೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಸಿಗದಿದ್ದರೆ ಏನು ಎಂಬುದನ್ನು ಮುಂದಿನ ಭೇಟಿಯಲ್ಲಿ ಮೂವರೂ ಕೂತು ಮಾತಾಡುವುದೆಂದು ಗೊತ್ತುಮಾಡಿದೆ.