ಮೂರನೇ ಮಂಗಳವಾರದ ಎದೆಬಡಿತ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ನಲವತ್ತರ ಆಸುಪಾಸಿನ ಡಿಬಿಎ, ಅಂದರೆ ಕಂಪನಿಯ ಮಾಹಿತಿ ಭಂಡಾರ (ಡೇಟಾಬೇಸ್) ನೋಡಿಕೊಳ್ಳುವವರು. ಕಂಪನಿಯ ಒರಾಕಲ್ 19ಸಿ ಡೇಟಾಬೇಸ್‌ಗಳು ಅವರ ಸುಪರ್ದಿಯಲ್ಲಿ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ಹೃದಯಕ್ಕೇನೂ ಆಗಿಲ್ಲ ಅಂದಿದ್ದರು. ಯಾವಾಗ ಜಾಸ್ತಿ ಅಂತ ಕೇಳಿದೆ. "ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಮೂರನೇ ಮಂಗಳವಾರ." ಸಂಕಟಕ್ಕೆ ಇಷ್ಟು ಕರಾರುವಾಕ್ಕಾದ ಪಂಚಾಂಗ ನಾನು ಕಂಡಿರಲಿಲ್ಲ. ಒರಾಕಲ್ ಕಂಪನಿ ಭದ್ರತಾ ಪ್ಯಾಚ್ (ತಂತ್ರಾಂಶದ ದೋಷ ಸರಿಪಡಿಸುವ ತೇಪೆ) ಬಿಡುವ ದಿನಗಳಂತೆ ಅವು.

ಎರಡನೇ ಭೇಟಿಯಲ್ಲಿ ಮೂಲ ಸಿಕ್ಕಿತು. ಹಿಂದೊಮ್ಮೆ ರಿಲೀಸ್ ಅಪ್‌ಡೇಟ್ (ಮೂರು ತಿಂಗಳ ದೊಡ್ಡ ಪ್ಯಾಚ್) ಹಾಕುವಾಗ, ಆ ಅಪ್‌ಡೇಟ್‌ಗೂ, ಮೊದಲೇ ಹಾಕಿದ್ದ ಒಂದು ಒನ್-ಆಫ್ ಪ್ಯಾಚ್‌ಗೂ (ಒಂದೇ ದೋಷಕ್ಕೆಂದು ಮಾಡಿದ್ದು) ಹೊಂದಾಣಿಕೆ ಆಗಲಿಲ್ಲ. ರಾತ್ರಿ ಎರಡು ಗಂಟೆ. ಒನ್-ಆಫ್ ತೆಗೆದು ಅಪ್‌ಡೇಟ್ ಹಾಕಿದರು. ಆ ಒನ್-ಆಫ್ ಮುಚ್ಚಿಟ್ಟಿದ್ದ ಹಳೇ ಬಗ್ (ದೋಷ) ಸೋಮವಾರ ಎದ್ದು ಕೂತಿತು, ಬಿಲ್ಲಿಂಗ್ ನಿಂತಿತು. ಇಪ್ಪತ್ತು ಜನರಿದ್ದ ಕಾಲ್‌ನಲ್ಲಿ ಮ್ಯಾನೇಜರ್ ಕೇಳಿದರಂತೆ: "ಹಾಕು ಅಂತ ನಿಮಗೆ ಹೇಳಿದ್ಯಾರು?" ಆಮೇಲೆ ಅವರು ಪ್ಯಾಚ್ ಮುಟ್ಟಿಲ್ಲ. ಐದು ತ್ರೈಮಾಸಿಕ ಕಳೆದಿತ್ತು, ಆಡಿಟ್‌ನವರು ಬಾಗಿಲಲ್ಲಿದ್ದರು.

"ಹಾಕೋದು ಕಷ್ಟ ಅಲ್ಲ ಮೇಡಂ. ಯಾವುದನ್ನ ಹಾಕೋದು ಅನ್ನೋದೇ ಕಷ್ಟ."

ನನಗೆ ಡೇಟಾಬೇಸ್ ಗೊತ್ತಿಲ್ಲ. ಅದೇ ಅನುಕೂಲವಾಯಿತು. "ನನಗೆ ಅರ್ಥವಾಗೋ ಹಾಗೆ ಹೇಳಿ" ಅಂದೆ. ಪಿಎಸ್‌ಯು (ಪ್ಯಾಚ್ ಸೆಟ್ ಅಪ್‌ಡೇಟ್), ಬಂಡಲ್ ಪ್ಯಾಚ್ ಎಂಬ ಹಳೇ ಬಗೆಗಳ ಕಾಲದಿಂದ ಶುರು ಮಾಡಿದರು. 2017ರ ಜುಲೈಯಲ್ಲಿ ರಿಲೀಸ್ ಅಪ್‌ಡೇಟ್ ಬಂತು: ಮೂರು ತಿಂಗಳಿಗೊಮ್ಮೆ, ಭದ್ರತೆಯ ಜೊತೆ ಬಗ್‌ಗಳ ಪರಿಹಾರವೂ. 2022ರ ಕೊನೆಯಲ್ಲಿ ಲಿನಕ್ಸ್‌ಗೆ ತಿಂಗಳ ಎಂಆರ್‌ಪಿ (ಮಂತ್ಲಿ ರೆಕಮೆಂಡೆಡ್ ಪ್ಯಾಚಸ್) ಬಂತು. ಒಂದು ಅಪ್‌ಡೇಟ್‌ನ ಮೇಲೆ ಹಾಕಲು ಆಯ್ದ ಪರಿಹಾರಗಳ ಗಂಟು ಅದು. ಒನ್-ಆಫ್ ಒಂದೇ ಬಗ್‌ಗೆ. "ಹಾಗಾದ್ರೆ ಬಿಟ್ಟ ಐದನ್ನೂ ಒಂದೊಂದಾಗಿ ಹಾಕಬೇಕಾ?" ಎಂದೆ. "ಇಲ್ಲ, ಹೊಸದರಲ್ಲಿ ಹಳೇದೆಲ್ಲ ಸೇರಿರುತ್ತೆ" ಅಂದವರು ಸುಮ್ಮನಾದರು. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ತಲೆಯ ಮೇಲೆ ಐದು ಮೂಟೆ ಹೊತ್ತಿದ್ದರು, ಇದ್ದದ್ದು ಒಂದೇ.

ತಾಂತ್ರಿಕ ಸಲಹೆ ನನ್ನ ಕೆಲಸವಲ್ಲ. ನಾನು ಕೊಟ್ಟದ್ದು ಒಂದು ಖಾಲಿ ಹಾಳೆ: ರಾತ್ರಿ ಎರಡಕ್ಕೆ ತೀರ್ಮಾನಿಸಬೇಕಾದ್ದನ್ನೆಲ್ಲ ಹಗಲು ಹೊತ್ತೇ ಬರೆಯಿರಿ. ಅವರೇ ಬರೆದರು. ಈಗಿರುವ ಒನ್-ಆಫ್‌ಗಳು ಯಾವುವು, ಹೊಸ ಅಪ್‌ಡೇಟ್‌ನಲ್ಲಿ ಸೇರಿವೆಯೇ; ಸೇರದಿದ್ದರೆ ಆ ಆವೃತ್ತಿಗೇ ಮಾಡಿದ್ದು ಸಿಕ್ಕಿದೆಯೇ. ಪರೀಕ್ಷಾ ಪ್ರತಿಯಲ್ಲಿ ತಿಂಗಳ ಕೊನೆಯ ಬಿಲ್ಲಿಂಗ್ ಓಡಿಸುವುದು. ಹಳೇ ಒರಾಕಲ್ ಹೋಮ್ (ಒರಾಕಲ್ ತಂತ್ರಾಂಶ ಇರುವ ಫೋಲ್ಡರ್) ಮುಟ್ಟದೆ ಪಕ್ಕದಲ್ಲೇ ಹೊಸದು ಕಟ್ಟುವುದು, ಕೆಟ್ಟರೆ ಹಿಂದಿರುಗಲು. ಕೊನೆಗೆ ಡೇಟಾಪ್ಯಾಚ್ (ಪ್ಯಾಚ್‌ನ ಬದಲಾವಣೆಗಳನ್ನು ಡೇಟಾಬೇಸ್ ಒಳಗೂ ಮಾಡುವ ಸಲಕರಣೆ) ಓಡಿಸಿ ಫಲಿತಾಂಶ ನೋಡುವುದು. ನಾನು ಸೇರಿಸಿದ್ದು ಒಂದೇ ಸಾಲು: ಮ್ಯಾನೇಜರ್ ಮತ್ತು ಬಿಲ್ಲಿಂಗ್‌ನವರ ಸಹಿ. ಅದಕ್ಕೇ ಅವರು ಹಿಂಜರಿದದ್ದು. ಸಹಿ ಕೇಳಿದರೆ "ಧೈರ್ಯ ಇಲ್ಲ" ಅಂದುಕೊಂಡಾರು ಎಂದು. ಕೇಳುವ ಮಾತುಗಳನ್ನು ಇಲ್ಲೇ ಮೂರು ಸಲ ಆಡಿಸಿದೆ, ಮ್ಯಾನೇಜರ್ ಪಾತ್ರ ನನ್ನದು. (ನಾನು ಸ್ವಲ್ಪ ಹೆಚ್ಚೇ ಗದರಿದೆ.)

ಪ್ಯಾಚ್ ಹಾಕಲು ಗೊತ್ತುಮಾಡಿದ ಮುಂದಿನ ಹೊತ್ತು ಬಂದಾಗಲೂ ಅವರು ಹಾಕಲಿಲ್ಲ. ಒಂದು ಒನ್-ಆಫ್ ಹೊಸ ಆವೃತ್ತಿಗೆ ಇನ್ನೂ ಸಿಕ್ಕಿರಲಿಲ್ಲ. ಕಾರಣ ಬರೆದು, ಎರಡು ವಾರ ಮುಂದಿನ ತಾರೀಕು ಹಾಕಿ ಮೇಲ್ ಕಳಿಸಿದರು. ಮ್ಯಾನೇಜರ್ "ಓಕೆ" ಎಂದಷ್ಟೇ ಉತ್ತರಿಸಿದ್ದರು. ಆ ಶನಿವಾರ ಹತ್ತೂವರೆಗೇ ಮಲಗಿದರಂತೆ.