ಹೊಸ ಕಟ್ಟಡ ನಿಯಮಕ್ಕೆ ಮುಂಚೆ ಖರ್ಚಿನ ಲೆಕ್ಕ ಕೇಳಬಾರದೇ?

ಪ್ರಶ್ನೆ: ಮಂಡ್ಯದಲ್ಲಿ ಸಣ್ಣ ಮನೆಗಳನ್ನು ಕಟ್ಟಿಸಿಕೊಡುತ್ತೇನೆ. ಹೆಚ್ಚಿನವು 30–40 ಅಡಿ ಅಳತೆಯ ಸೈಟಿನವು. ಹೊಸ ನಿಯಮ ಬಂದಾಗಲೆಲ್ಲ ಖರ್ಚು ಏರುತ್ತೆ, ಮಾಲೀಕರು ನನ್ನನ್ನು ಬೈತಾರೆ. ಒಂದು ಮನೆಗೆ ಎಷ್ಟು ಜಾಸ್ತಿ ಬೀಳುತ್ತೆ ಅಂತ ಲೆಕ್ಕ ಕೊಡದೆ ನಿಯಮಕ್ಕೆ ಒಪ್ಪಿಗೆ ಕೊಡಬಾರದು ಅಂತ ಮಾಡಬಾರದೇ?
– ಒಬ್ಬ ಗುತ್ತಿಗೆದಾರ, ಮಂಡ್ಯ

ಉತ್ತರ: ಮಾಡಬೇಕು. ಆದರೆ ಲೆಕ್ಕ ಯಾವ ಮನೆಯದು ಅನ್ನೋದರಲ್ಲೇ ಎಲ್ಲ ಇದೆ.

ಐಎಸ್ 13920 ನೋಡಿ. ಭೂಕಂಪ ತಡೆದುಕೊಳ್ಳುವ ಕಾಂಕ್ರೀಟ್ ಕಟ್ಟಡಗಳ ಮಾನದಂಡ ಅದು. ಮೊದಲು ಸಣ್ಣ ಮನೆಯ ಕಂಬಕ್ಕೆ 200 ಮಿ.ಮೀ. ಅಗಲ ಸಾಕಿತ್ತು. 2016ರಲ್ಲಿ ಕನಿಷ್ಠ 300 ಮಾಡಿದರು. ಇದು ಕಡ್ಡಾಯವಾಗಿದ್ದು 3ನೇ ಭೂಕಂಪ ವಲಯ ಮತ್ತು ಅದಕ್ಕೂ ಮೇಲಿನ ವಲಯಗಳಿಗೆ (ಸಂಖ್ಯೆ ಏರಿದಷ್ಟೂ ಅಪಾಯ ಜಾಸ್ತಿ). ಆ ವರ್ಷದ ನಕ್ಷೆಯಲ್ಲಿ ಮಂಗಳೂರು 3ರಲ್ಲಿ, ನಮ್ಮ ಮೈಸೂರು–ಮಂಡ್ಯ 2ರಲ್ಲಿ. ಹಾಗಾಗಿ ಉದಾಹರಣೆಗೆ ಅಂತ ಮಾತ್ರ ತಗೊಳ್ಳಿ.

9 ಇಂಚಿನ ಚೌಕ ಕಂಬವನ್ನು 12 ಇಂಚು (ಸುಮಾರು 300 ಮಿ.ಮೀ.) ಮಾಡಿದರೆ, 12 ಕಂಬದ ಮನೆಗೆ ಒಂದು ಅಂತಸ್ತಿಗೆ ಸುಮಾರು 1.3 ಘನ ಮೀಟರ್ ಕಾಂಕ್ರೀಟ್ ಜಾಸ್ತಿ. ಇದನ್ನು ಯಾರು ಬೇಕಾದರೂ ಹೇಳ್ತಾರೆ. ಹೇಳದೆ ಬಿಡೋದು ಬೇರೆ ಇದೆ. ಕಂಬದ ಕಬ್ಬಿಣದ ಸುತ್ತ ಕಟ್ಟುವ ರಿಂಗ್‌ಗಳು ಹತ್ತಿರ ಹತ್ತಿರ ಬೇಕು, ಅದರ ಕೊಕ್ಕೆಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕು. ಬಾರ್ ಬೆಂಡರ್ ಕೂಲಿ ಏರುತ್ತೆ. 9 ಇಂಚಿನ ಗೋಡೆಯಿಂದ ಕಂಬ 3 ಇಂಚು ಆಚೆ ಬರುತ್ತೆ, ಹತ್ತಡಿ ರೂಮಿನ ಮೂಲೆಯಲ್ಲಿ ಬೀರು ಕೂರಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ ಇದೆಲ್ಲ ಕಾಣಿಸೋದೇ ಇಲ್ಲ.

ಲೆಕ್ಕದ ಇನ್ನೊಂದು ಕಡೆಯೂ ಇರಬೇಕು. 2001ರ ಭುಜ್ ಭೂಕಂಪಕ್ಕೆ ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟ್‌ಗಳು ಕುಸಿದವು. ನಿಯಮ ಇಲ್ಲದಿದ್ದರೆ ಆಗುವ ನಷ್ಟ ಬರೆಯದ ಲೆಕ್ಕ, ನಿಯಮವನ್ನು ಸುಮ್ನೆ ಮೂಲೆಗೆ ಸೇರಿಸೋಕೆ ನೆಪ ಆಗುತ್ತೆ. ನನಗೆ ಈ ಭಯ ಇದ್ದೇ ಇದೆ. ಬಿಲ್ಡರ್‌ಗಳು ಲೆಕ್ಕ ಹಾಕಿದರೆ ಮೊತ್ತ ಉಬ್ಬುತ್ತೆ, ಅಧಿಕಾರಿಗಳು ಹಾಕಿದರೆ ಸೊರಗುತ್ತೆ. ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ಸರ್ಕಾರಿ ದರಪಟ್ಟಿ) ದರದಲ್ಲೇ ಹಾಕಲಿ, ಆಗ ನೀವೂ ತಾಳೆ ನೋಡಬಹುದು.

ಸಮಯದ ಮಾತೂ ಇದೆ. ಸೋಲಾರ್ ವಾಟರ್ ಹೀಟರ್ ಪೈಪನ್ನು ಪ್ಲಾಸ್ಟರಿಂಗಿಗೆ ಮುಂಚೆ ಎಳೆದರೆ ಅಗ್ಗ. ಆಮೇಲಾದರೆ ಗೋಡೆ ಕೊರೆದು, ಟೈಲ್ಸ್ ಒಡೆದು, ಮತ್ತೆ ಬಣ್ಣ ಬಳಿಯಬೇಕು. ಹೊಸ ಮನೆ, ಹಳೆ ಮನೆ ಎರಡಕ್ಕೂ ಒಂದೇ ಮೊತ್ತ ಬರೆದರೆ ಅದು ಲೆಕ್ಕವೇ ಅಲ್ಲ.

ಕೇಂದ್ರದ ಇಲಾಖೆಗಳಿಗೆ 2014ರಲ್ಲೇ ಒಂದು ನೀತಿ ಬಂದಿದೆ. ಕಾನೂನು, ನಿಯಮಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಹಣದ ಹೊರೆ, ಜನರ ಬದುಕಿನ ಮೇಲಾಗುವ ಪರಿಣಾಮ ಹೇಳಬೇಕು. ಆದರೆ ಅದು ಬರೀ ನೀತಿ, ಕಾನೂನಲ್ಲ. ಹಲ್ಲಿಲ್ಲ.

ಐಎಸ್ ಮಾನದಂಡಗಳನ್ನು ಮಾಡುವ ಭಾರತೀಯ ಮಾನಕ ಬ್ಯೂರೋ ಕೂಡ ಕರಡುಗಳನ್ನು ಅಭಿಪ್ರಾಯಕ್ಕೆ ಬಿಡುತ್ತೆ. "ಖರ್ಚು ಜಾಸ್ತಿ" ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಕಲಮು, ಬದಲಿಗೆ ಏನಿರಬೇಕು, ಯಾಕೆ ಅಂತ ಬರೆಯಿರಿ. ಜೊತೆಗೆ ನಿಮ್ಮದೇ ಒಂದು 30–40 ಮನೆಗೆ ಹಳೆ ನಿಯಮದ ಎಸ್ಟಿಮೇಟು, ಹೊಸ ನಿಯಮದ ಎಸ್ಟಿಮೇಟು ಎರಡನ್ನೂ ಇಡಿ.