ಮೋಟಾರು ಕೆಟ್ಟಾಗ ಏನಂದ್ಕೋತೀಯ?

ಪರೀಕ್ಷೆ ಹತ್ತಿರ ಬರುತ್ತಿದ್ದ ಹಾಗೆ 'ನಂಗಿದು ಬರಲ್ಲ' ಅಂತ ತನಗೆ ತಾನೇ ಹೇಳಿಕೊಂಡು ಕೂರುವ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ವರ್ಷ ನನ್ನ ಹತ್ತಿರ ಬಂದೇ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಂಡ್ಯ ಕಡೆಯ ಹುಡುಗ. ಊರು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ, ನಾಲೆ ನೀರು ಬಂದರೆ ಬಂತು, ಇಲ್ಲದಿದ್ದರೆ ಬಾವಿಯೇ ಗತಿ. ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯು ಓದುತ್ತಿದ್ದ. ಗಣಿತದ ಪ್ರಿಪರೇಟರಿಯಲ್ಲಿ 80ಕ್ಕೆ 19. "ಸ್ವಲ್ಪ ಧೈರ್ಯ ತುಂಬಿ ಮೇಡಂ" ಅಂತ ಅಪ್ಪ ಫೋನ್ ಮಾಡಿದ್ದರು.

ಧೈರ್ಯದ ಮಾತಿಗೇನೂ ಬರ ಇರಲಿಲ್ಲ. ಯಾವುದೋ ರೀಲ್ಸ್ ನೋಡಿ "ನಾನು ಗಣಿತದಲ್ಲಿ ಜಾಣ" ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ, ದಿನಾ ಬೆಳಿಗ್ಗೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. "ಹೇಳ್ದಾಗ್ಲೆಲ್ಲ ಒಳಗೆ ಯಾರೋ ನಕ್ಕಂಗಾಯ್ತದೆ" ಅಂದ.

ಮೂರನೇ ಸಲ ಬಂದಾಗ ಒಂದು ಲೆಕ್ಕ ಕೊಟ್ಟು, ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡು ಅಂದೆ. ಅವನು ಹೇಳಿದ್ದನ್ನು ಹಾಗೇ ಬರೆದುಕೊಂಡೆ. "ಇಂಟಿಗ್ರೇಷನ್ನಾ... ನಂಗಿದು ಬರಲ್ಲ. ಎಲ್ರೂ ಮುಗ್ಸಿರ್ತಾರೆ. ನಂದು ಇಷ್ಟೇ." ನಾಲ್ಕು ನಿಮಿಷದಲ್ಲಿ ಲೆಕ್ಕದ ಬಗ್ಗೆ ಒಂದು ಮಾತಿಲ್ಲ, ಎಲ್ಲಾ ಅವನ ಬಗ್ಗೆಯೇ.

ಏನು ಹೊಳೆಯಿತೋ, "ಊರಲ್ಲಿ ಪಂಪ್‌ಸೆಟ್ ಕೆಟ್ರೆ ಯಾರು ನೋಡ್ತಾರೆ?" ಅಂತ ಕೇಳಿದೆ.

"ನಾನೇ."

"ಆಗ ಏನಂದ್ಕೋತೀಯ?"

ಸ್ವಲ್ಪ ನಾಚಿಕೊಂಡು ಶುರು ಮಾಡಿದ. "ಮೊದ್ಲು ಫ್ಯೂಸ್ ನೋಡ್ಲಾ. ಮೂರು ಫೇಸೂ ಬತ್ತಾ ಇದ್ಯಾ ನೋಡು. ಆಮೇಲೆ ಸ್ಟಾರ್ಟರು. ಮೋಟಾರು ತಿರುಗ್ತಾ ಇದ್ದೂ ನೀರು ಎತ್ತಿಲ್ಲ ಅಂದ್ರೆ ಫುಟ್‌ವಾಲ್ವು."

"ಅಲ್ಲಿ ನಂಗೆ ಬರಲ್ಲ ಅನ್ನಲ್ವಾ?"

"ಅನ್ಕಂಡು ಕೂತ್ರೆ ಪೈರು ಒಣಗೋಯ್ತದಲ್ಲ!"

ಎರಡೂ ಮಾತನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದೆ. ಲೆಕ್ಕದ ಮುಂದೆ 'ನಂಗೆ', 'ನಂದು'. ಮೋಟಾರಿನ ಮುಂದೆ 'ನೋಡ್ಲಾ'. ಜೊತೆಗಾರನಿಗೆ ಹೇಳುವ ಹಾಗೆ ತನಗೆ ತಾನೇ 'ಲಾ' ಹಚ್ಚಿ ಹೇಳಿಕೊಳ್ಳುತ್ತಾನೆ! ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಜೊತೆಯವರ 2014ರ ಅಧ್ಯಯನದಲ್ಲೂ ಹೀಗೇ ಆಗಿತ್ತು: 'ನಾನು' ಬಿಟ್ಟು 'ನೀನು' ಅಂತಲೋ ತಮ್ಮದೇ ಹೆಸರು ಹಿಡಿದೋ ಮಾತಾಡಿಕೊಂಡವರು ಒತ್ತಡದಲ್ಲೂ ಭಾಷಣ ಚೆನ್ನಾಗಿ ಮಾಡಿದರು, ಆಮೇಲೆ ಕೊರಗಿದ್ದೂ ಕಮ್ಮಿ.

ಚೀಟಿ ಕಿತ್ತುಹಾಕು, ಲೆಕ್ಕದ ಹತ್ತಿರವೂ ಮೋಟಾರಿನ ಭಾಷೆಯಲ್ಲೇ ಮಾತಾಡು ಅಂದೆ. ಅಪ್ಪನಿಗೆ ಬೇಜಾರಾಯಿತು. ಧೈರ್ಯ ತುಂಬಿ ಅಂದರೆ ಇದ್ದ ಚೀಟಿಯನ್ನೂ ಕೀಳಿಸಿದಿರಲ್ಲ ಅಂದರು. ನಾನು ಸುಮ್ನೆ ಹಠಕ್ಕೆ ಹೇಳಿದ್ದಲ್ಲ, ಅದಕ್ಕೊಂದು ಆಧಾರ ಇತ್ತು. ನೆದರ್ಲೆಂಡ್ಸ್‌ನಲ್ಲಿ ಸಂಶೋಧಕರು 9ರಿಂದ 13 ವರ್ಷದ 212 ಮಕ್ಕಳಿಗೆ ಗಣಿತದ ಪರೀಕ್ಷೆ ಕೊಟ್ಟು, ನಡುವೆ ನಿಲ್ಲಿಸಿ, ಕೆಲವರಿಂದ 'ನಾನು ಇದರಲ್ಲಿ ಜಾಣ' ಅಂತ, ಇನ್ನು ಕೆಲವರಿಂದ 'ಕೈಲಾದಷ್ಟು ಪ್ರಯತ್ನ ಪಡ್ತೀನಿ' ಅಂತ ಹೇಳಿಸಿದ್ದರು. ತಮ್ಮ ಮೇಲೆ ನಂಬಿಕೆ ಕಮ್ಮಿ ಇದ್ದ ಮಕ್ಕಳಿಗೆ ಕೆಲಸಕ್ಕೆ ಬಂದದ್ದು ಪ್ರಯತ್ನದ ಮಾತು. ಜಾಣ ಅನ್ನೋದಲ್ಲ.

ಹಾಗಂತ ಮಾತಿನಿಂದಲೇ ಎಲ್ಲಾ ಆಗಲಿಲ್ಲ. ಟ್ರಿಗ್ನಾಮೆಟ್ರಿ ಸೂತ್ರಗಳೇ ಗಟ್ಟಿ ಇರಲಿಲ್ಲ, ಅದಕ್ಕೆ ಎರಡು ವಾರ ಹೋಯಿತು. ಮುಂದಿನ ಪ್ರಿಪರೇಟರಿಯಲ್ಲಿ 41.

ಹೋದ ಸಲ ಬಂದಾಗ ಪೆನ್ಸಿಲ್ ಬಾಕ್ಸಿನ ಮುಚ್ಚಳದ ಒಳಗೆ ಹೊಸ ಚೀಟಿ ಇತ್ತು, ಅವನದೇ ಕೈಬರಹ: "ಪ್ರಶ್ನೆ ಎರಡು ಸಲ ಓದ್ಲಾ. ಕೊಟ್ಟಿರೋದು ಬರಿ. ಹೆದರ್ಕೊಳೋದು ಆಮೇಲೆ."